ಕಣ್ಣು ಕೈಯಲ್ಲೋ, ಟಿವಿ ಮೇಲೋ?

ಒಪ್ಪಲ್ಲ ಅಣ್ಣ, ಇದೊಂದು ಮಾತು ಮಾತ್ರ ನಾನು ಒಪ್ಪಲ್ಲ. ಮೈಕ್ರೋಸಾಫ್ಟಿನ ಕೈನೆಕ್ಟ್ ಕ್ಯಾಮೆರಾ ಮುಂದೆ ನಿಂಟೆಂಡೊದ ವೀ ರಿಮೋಟ್ ಏನೂ ಅಲ್ಲ ಅಂತ ನಿಮ್ಮ ಮಗ ಬೆಂಗಳೂರಿಂದ ಬಂದಾಗಲೆಲ್ಲ ಹೇಳ್ತಾನೆ, ಈಗ ನೀವೂ ಅದನ್ನೇ ಶುರು ಹಚ್ಕೊಂಡ್ರಿ. ಒಂದ್ನಿಮಿಷ ಕಾಂಪೌಂಡ್ ಹತ್ರ ಬನ್ನಿ, ನನ್ನ ಮಾತೂ ಕೇಳಿ.

ವೀ ಬಂದಿದ್ದು 2006ರ ನವೆಂಬರ್‌ನಲ್ಲಿ. ಅಲ್ಲೀವರೆಗೂ ವಿಡಿಯೋ ಗೇಮ್ ಅಂದ್ರೆ ಎರಡು ಕೈಲಿ ಹಿಡ್ಕೊಂಡು ಹೆಬ್ಬೆರಳಲ್ಲಿ ಒತ್ತೋದು. ನಿಂಟೆಂಡೊದವರು ಟಿವಿ ರಿಮೋಟ್ ಥರದ್ದೊಂದು ಕೈಗೆ ಕೊಟ್ಟು, ಬೀಸಿ ಅಂದ್ರು. ಒಳಗಿದ್ದಿದ್ದು ಆಕ್ಸೆಲೆರೊಮೀಟರ್. ಆ ಜಾತಿ ಚಿಪ್ ಕಾರಿನ ಏರ್‌ಬ್ಯಾಗ್‌ಗಳಲ್ಲಿ ಎಷ್ಟೋ ವರ್ಷದಿಂದ ಇತ್ತು, ಡಿಕ್ಕಿ ಆಗಿದ್ದು ತಿಳೀಲಿ ಅಂತ. ಅದನ್ನ ತಂದು ಆಟ ಆಡೋರ ಕೈಗೆ ಕೊಡಬೇಕು ಅಂತ ಹೊಳೀತಲ್ಲ, ಹೊಸತನ ಅಂತ ನಾನು ಕರೆಯೋದು ಅದನ್ನ.

ಇನ್ನೊಂದು ಕೇಳಿ. ಟಿವಿ ಮೇಲೆ ಒಂದು ಪಟ್ಟಿ ಇಡ್ತಾರಲ್ಲ, ಸೆನ್ಸರ್ ಬಾರ್ ಅಂತ ಹೆಸರು. ಅದು ಏನನ್ನೂ ನೋಡಲ್ಲ. ಎರಡು ತುದೀಲೂ ಇನ್‌ಫ್ರಾರೆಡ್ ದೀಪ ಇದೆ ಅಷ್ಟೇ. ಕ್ಯಾಮೆರಾ ಇರೋದು ರಿಮೋಟಿನ ಮೂತೀಲಿ. ಹೊಳೆನರಸೀಪುರದಲ್ಲಿ ನಮ್ಮ ತಂಗಿ ಮನೆಗೆ ಅಮೆರಿಕದ ಹುಡುಗರು ವೀ ತಂದಾಗ ಆ ಪಟ್ಟಿ ಬಿಟ್ಟು ಬಂದಿದ್ರು. ಟಿವಿ ಮುಂದೆ ಎರಡು ಮೇಣದಬತ್ತಿ ದೂರದೂರ ಹಚ್ಚಿಟ್ವಿ, ಆಟ ನಡೀತು! ಬೆಂಕಿಯಲ್ಲೂ ಇನ್‌ಫ್ರಾರೆಡ್ ಇರುತ್ತಲ್ಲ. ಅಮೆರಿಕದ 120 ವೋಲ್ಟ್ ಅಡಾಪ್ಟರಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹುಡುಕೋದೇ ಅದಕ್ಕಿಂತ ಕಷ್ಟ ಆಗಿದ್ದು.

'ಅಲ್ಲ ಕಣಮ್ಮ, ಕೈನೆಕ್ಟಿಗೆ ಕೈಲಿ ಏನೂ ಬೇಡ್ವಲ್ಲ' ಅಂತೀರ. ನಿಜ. 2010ರ ನವೆಂಬರ್‌ನಲ್ಲಿ ಅದು ಬಂದಾಗ ನನಗೂ ಮೈ ಜುಂ ಅಂದಿತ್ತು. ಕಣ್ಣಿಗೆ ಕಾಣದ ಸಾವಿರಾರು ಚುಕ್ಕಿ ಕೋಣೆ ತುಂಬ ಚೆಲ್ಲುತ್ತೆ, ಚುಕ್ಕಿ ಎಷ್ಟು ಸರಿದಿದೆ ಅಂತ ನೋಡಿ ದೂರ ಅಳೆಯುತ್ತೆ, ಅದರಲ್ಲೇ ಮೊಣಕೈ ಯಾವುದು, ಭುಜ ಯಾವುದು ಅಂತ ಕಂಡುಹಿಡಿಯುತ್ತೆ. ಅದೇ ವರ್ಷ ಸೋನಿಯವರ ಮೂವ್ ಕೂಡ ಬಂತು. ಅದು ವೀಯನ್ನ ತಿರುಗಾಮುರುಗಾ ಮಾಡಿದ್ದು: ಬಣ್ಣದ ದೀಪದ ಗುಂಡು ಕೈಯಲ್ಲಿ, ಕ್ಯಾಮೆರಾ ಟಿವಿ ಹತ್ರ. ನಿಖರತೇಲಿ ಮೂವ್ ಚೆನ್ನಾಗಿತ್ತು, ಆದ್ರೆ ದಾರಿ ಆಗಲೇ ಯಾರೋ ಕಡಿದಿದ್ದು. ಅದನ್ನ ಇಲ್ಲಿಗೇ ಬಿಡೋಣ.

ಕೈನೆಕ್ಟಿನ ತೊಂದರೆ ಎಲ್ಲಿ ಗೊತ್ತಾ? ಬಿಸಿಲು ಬಿದ್ರೆ ಚುಕ್ಕಿ ಮಾಸಿಹೋಗುತ್ತೆ. ಅರಕಲಗೂಡಿನ ನಮ್ಮ ದೊಡ್ಡಮ್ಮನ ತೊಟ್ಟಿಮನೇಲಿ ಮಧ್ಯಾಹ್ನ ಅದನ್ನ ಹೇಗೆ ಆಡ್ತೀರ? ಇಬ್ಬರು ಆಡಬೇಕು ಅಂದ್ರೆ ಎಂಟಡಿ ಹಿಂದೆ ನಿಲ್ಲಬೇಕು, ನಮ್ಮ ಹಾಸನದ ಹಾಲ್‌ಗಳಲ್ಲಿ ಸೋಫಾ ತೆಗೆದ್ರೇನೇ ಜಾಗ. ಅದೂ ಹೋಗ್ಲಿ. ಚೆಂಡು ಎಸೆಯೋದು ಅಂದ್ರೆ ಬಿಡೋದು. ಬರಿಗೈಲಿ ಏನನ್ನ ಬಿಡ್ತೀರ ಅಣ್ಣ?

ವೀ ಬೌಲಿಂಗ್‌ನಲ್ಲಿ ಬೆರಳ ಕೆಳಗೆ ಬಿ ಗುಂಡಿ. ಒತ್ತಿ ಹಿಡಿದು, ಕೈ ಹಿಂದಕ್ಕೆ ಒಯ್ದು, ಮುಂದೆ ಬೀಸಿ, ಬೆರಳು ಸಡಿಲ ಮಾಡಿದ ಕ್ಷಣಕ್ಕೆ ಚೆಂಡು ಹೊರಡುತ್ತೆ. ಚನ್ನರಾಯಪಟ್ಟಣದ ನಮ್ಮತ್ತೆ ಜನ್ಮದಲ್ಲಿ ವಿಡಿಯೋ ಗೇಮ್ ಮುಟ್ಟಿದೋರಲ್ಲ. ಒಂದ್ಸಲ ತೋರಿಸಿದ್ದಕ್ಕೆ ಸೆರಗು ಸಿಕ್ಕಿಸ್ಕೊಂಡು ನಿಂತು ಎಸೆದ್ರು. ಪಿನ್ನುಗಳು ಉದುರಿದ್ದು ನೋಡಿ 'ಇನ್ನೊಂದು ಹಾಕೇ' ಅಂದ್ರಲ್ಲ, ಆ ಮುಖ ನಾನು ಮರೆಯಲ್ಲ. ಅತ್ತೇನ ಆಟಕ್ಕೆ ಎಳೆದಿದ್ದು ಆ ರಿಮೋಟು. ವೀ ಹತ್ತು ಕೋಟಿ ದಾಟಿ ಮಾರಾಟ ಆಗಿದ್ದಕ್ಕೂ ನನ್ನ ಪ್ರಕಾರ ಇಂಥ ಅತ್ತೆಯರೇ ಕಾರಣ.

ಕೊರತೆ ಇಲ್ಲ ಅಂತ ಅಲ್ಲ. ಆಕ್ಸೆಲೆರೊಮೀಟರಿಗೆ ಬೀಸು ತಿಳಿಯುತ್ತೆ, ಮಣಿಕಟ್ಟಿನ ಸಣ್ಣ ತಿರುವು ಸರಿಯಾಗಿ ತಿಳಿಯಲ್ಲ. ಅದಕ್ಕೇ 2009ರಲ್ಲಿ ಮೋಷನ್‌ಪ್ಲಸ್ ಅಂತ ಗೈರೊಸ್ಕೋಪ್ ಸೇರಿಸಿದ್ರು. ಗೈರೊಸ್ಕೋಪ್ ನಮ್ಮೂರಿಗೆ ಹೊಸದಲ್ಲ ನೋಡಿ. ಸಾಲಗಾಮೆ ರಸ್ತೆಯ ಇಸ್ರೋ ನಿಯಂತ್ರಣ ಕೇಂದ್ರ ಎಂಸಿಎಫ್‌ನೋರು 1982ರಿಂದ ನೋಡ್ಕೊಳ್ತಿರೋ ಉಪಗ್ರಹಗಳಿಗೂ ಎತ್ತ ತಿರುಗ್ತಿದೀನಿ ಅಂತ ಹೇಳೋದು ಗೈರೊಸ್ಕೋಪೇ.

ನಿಮ್ಮ ಮಗನ ಕಡೆ ಒಂದು ಒಳ್ಳೆ ವಾದ ಇದೆ, ಅದನ್ನೂ ನಾನೇ ಹೇಳ್ತೀನಿ. ಕೈನೆಕ್ಟಿನ ಚುಕ್ಕಿ ವಿದ್ಯೆ ಇಸ್ರೇಲಿನ ಪ್ರೈಮ್‌ಸೆನ್ಸ್‌ನವರದ್ದು. ಆ ಕಂಪನೀನ 2013ರಲ್ಲಿ ಆಪಲ್ ಕೊಂಡ್ಕೊಂತು, 2017ರಲ್ಲಿ ಐಫೋನ್ ಹತ್ತು ಮುಖ ನೋಡಿ ಬೀಗ ತೆಗೆದಿದ್ದು ಅಂಥದೇ ಚುಕ್ಕಿಗಳಿಂದ. ಯಂತ್ರವಿದ್ಯೆ ಅಂತ ನೋಡಿದ್ರೆ ಕೈನೆಕ್ಟೇ ದೊಡ್ಡದು, ಒಪ್ತೀನಿ. ಆದ್ರೆ ನಾವು ಮಾತಾಡ್ತಿರೋದು ಆಟದ್ದು. ಅದೇ 2017ರಲ್ಲಿ ಮೈಕ್ರೋಸಾಫ್ಟ್ ಕೈನೆಕ್ಟ್ ತಯಾರಿಕೆ ನಿಲ್ಲಿಸ್ತು, ನಿಂಟೆಂಡೊ ಸ್ವಿಚ್ ತಂತು. ಅದರ ಬಲಗೈ ರಿಮೋಟು, ಜಾಯ್‌ಕಾನ್ ಅಂತಾರೆ, ಅದರ ಕೆಳತುದಿ ನೋಡಿ ಅಣ್ಣ, ಅಲ್ಲೂ ಒಂದು ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟಿದ್ದಾರೆ.