ಒಂದು ತೂತಾಗಿದೆ, ಮಿಕ್ಕಿದ್ದು ಬಾಕಿ

ಚಿತ್ರದುರ್ಗದವನಿಗೆ ನೀರು ಅಂದರೆ ನಲ್ಲಿಯಲ್ಲಿ ಬರುವುದು, ಅದೂ ಬಂದಾಗ. ಅಂಥ ಊರಲ್ಲಿ ಹುಟ್ಟಿದ ನಾನು 43ನೇ ವಯಸ್ಸಿಗೆ ಸಿಯಾಟಲ್‌ನ ಉತ್ತರಕ್ಕೆ ಯಾರದೋ ಹಿತ್ತಿಲಲ್ಲಿ ಏಣಿ ಹತ್ತಿ, 32 ಅಡಿ ಉದ್ದದ ಹಾಯಿದೋಣಿಯೊಳಕ್ಕೆ ಇಣುಕುತ್ತಿದ್ದೆ. ಒಳಗೆ ಏನೂ ಇರಲಿಲ್ಲ. ಡೆಕ್ಕಿಲ್ಲ, ಹಾಯಿಕಂಬವಿಲ್ಲ, ಎಂಜಿನ್ನಿಲ್ಲ, ಮಲಗಲು ಒಂದು ಹಲಗೆಯಿಲ್ಲ. ಫೈಬರ್‌ಗ್ಲಾಸಿನ ಒಂದು ಮಹಾ ಬೋಗುಣಿ, ತಳದಲ್ಲಿ ಸೀಸ, ಅಂಚು ಹತ್ತಿ ಒಳಗಿಳಿದ ಬ್ಲ್ಯಾಕ್‌ಬೆರಿ ಮುಳ್ಳುಬಳ್ಳಿ, ಅಷ್ಟೆ. ಕೆಳಗೆ ಏಣಿ ಹಿಡಿದಿದ್ದ ಅಜ್ಜ, "ದುಡ್ಡೇನೂ ಬೇಡ, ತಗೊಂಡು ಹೋಗು" ಅಂದರು.

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ನಾಡಿನವನಿಗೆ ಇಂಥ ಮಾತು ಹೇಳಬಾರದಿತ್ತು.

ಅದು ವೆಸ್ಟ್‌ಸೇಲ್ 32. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾದ ಕಂಪನಿಯೊಂದು ಇಂಥವನ್ನು 800ಕ್ಕೂ ಹೆಚ್ಚು ತಯಾರಿಸಿತು. ಹತ್ತಿರ ಹತ್ತಿರ ಅರ್ಧದಷ್ಟನ್ನು ಕಂಪನಿ ಪೂರ್ತಿ ಮಾಡದೆಯೇ ಮಾರಿತು: ಒಡಲು ನಮ್ಮದು, ಉಳಿದದ್ದು ನೀವೇ ಮಾಡಿಕೊಳ್ಳಿ. ನೌಕರಿ ಬಿಟ್ಟು ಟಹೀಟಿಗೆ ಹೋಗಬೇಕೆಂದು ಒಂದು ತಲೆಮಾರಿಗೇ ಹುಚ್ಚು ಹಿಡಿದಿದ್ದ ಕಾಲ. ವಂಶವೂ ದೊಡ್ಡದು. ನಾರ್ವೆಯ ಕಾಲಿನ್ ಆರ್ಚರ್ ರೂಪಿಸಿದ ರಕ್ಷಣಾದೋಣಿಗಳ ಪೀಳಿಗೆ; ಮುಂದೂ ಚೂಪು, ಹಿಂದೂ ಚೂಪು. ಒಂಬತ್ತು ಟನ್ ತೂಕದ್ದಾದ್ದರಿಂದ ಓಟದಲ್ಲಿ ನಿಧಾನ. ಆಗದವರು ಹೆಸರು ತಿರುಚಿ 'ವೆಟ್‌ಸ್ನೇಲ್' ಅನ್ನುತ್ತಾರೆ, ಅಂದರೆ ಒದ್ದೆ ಬಸವನಹುಳು. ಅಜ್ಜನಿಗೆ ಆ ಹೆಸರು ಕೇಳಿದರೆ ಸಿಟ್ಟು. 1991ರ ಅಟ್ಲಾಂಟಿಕ್ ಬಿರುಗಾಳಿಯಲ್ಲಿ ಸಟೋರಿ ಎಂಬ ವೆಸ್ಟ್‌ಸೇಲ್‌ನಿಂದ ಮೂವರನ್ನು ಕೋಸ್ಟ್‌ಗಾರ್ಡ್‌ನವರು ಇಳಿಸಿಕೊಂಡರಂತೆ. ಖಾಲಿ ದೋಣಿ ತಾನೇ ತೇಲಿಕೊಂಡು ಬಂದು ಮೇರಿಲ್ಯಾಂಡಿನ ಮರಳದಂಡೆಯ ಮೇಲೆ ಕೂತಿತ್ತು. "ಮನುಷ್ಯರಿಗೆ ಭಯವಾಯಿತು, ದೋಣಿಗಲ್ಲ" ಅಂದರು ಅಜ್ಜ, ಆ ಮರಳಿನಲ್ಲಿ ತಾವೇ ನಿಂತಿದ್ದವರ ಹಾಗೆ.

ಅವರು ಇದನ್ನು ಕೊಂಡದ್ದು 1976ರಲ್ಲಿ. ಅಲ್ಲಿಂದೀಚೆಗೆ ಏನೇನು ಕೆಲಸ ಮಾಡಿದ್ದೀರಿ ಅಂತ ಕೇಳಿದೆ. ಅಜ್ಜ ಬಗ್ಗಿ ಬೆರಳು ತೋರಿಸಿದರು. ಮಳೆನೀರು ಹರಿದುಹೋಗಲೆಂದು ಪಕ್ಕದಲ್ಲಿ, ಸೀಸಕ್ಕಿಂತ ಸ್ವಲ್ಪ ಮೇಲೆ, ಒಂದು ತೂತು ಕೊರೆದಿದ್ದರು. ಸುತ್ತ ಉಜ್ಜಿ ನುಣುಪು ಮಾಡಿದ್ದ, ಅಚ್ಚುಕಟ್ಟಾದ ತೂತು.

ಮನೆಗೆ ಬಂದು ಎಕ್ಸೆಲ್ ತೆರೆದೆ. ಡೀಸೆಲ್ ಎಂಜಿನ್, ಹಾಯಿಕಂಬ, ಅದನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳು, ಹಾಯಿ, ಕಂಚಿನ ವಾಲ್ವು, ಪ್ಲೈವುಡ್ಡು, ಒಯ್ಯಲು ಕ್ರೇನು. ನೀರಲ್ಲಿ ತೇಲುತ್ತಿರುವ ಇದೇ ದೋಣಿ ಸೆಕೆಂಡ್‌ಹ್ಯಾಂಡಿನಲ್ಲಿ 30-40 ಸಾವಿರ ಡಾಲರಿಗೆ ಸಿಗುತ್ತದೆ. ನನ್ನ ಪಟ್ಟಿ ಅಡುಗೆಮನೆ ತಲುಪುವ ಮೊದಲೇ ಅದನ್ನು ದಾಟಿತ್ತು. ಪುಕ್ಕಟೆ ದೋಣಿಗಿಂತ ದುಬಾರಿಯಾದ ದೋಣಿ ಇಲ್ಲವೆಂದು ಗೊತ್ತಾದರೂ ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ದುಡ್ಡಿನ ಲೆಕ್ಕ ಕೈಕೊಟ್ಟಾಗ ಸಮಯದ ಲೆಕ್ಕ ಹಾಕುವವನೇ ನಿಜವಾದ ಹುಚ್ಚ.

3,000 ಗಂಟೆ ಅಂತ ಹಿಡಿದೆ. ಶನಿವಾರಕ್ಕೆ ಆರು ಗಂಟೆಯಂತೆ 500 ಶನಿವಾರ, ಅಂದರೆ ಹತ್ತೇ ವರ್ಷ. ಆದರೆ ರೆಸಿನ್ ಒಂದಿದೆಯಲ್ಲ! ಅಡ್ಡಗೋಡೆಗಳನ್ನು ಒಡಲಿಗೆ ಅಂಟಿಸಬೇಕಾದರೆ ಗಾಜಿನ ಬಟ್ಟೆಗೆ ರೆಸಿನ್ ಕುಡಿಸಬೇಕು, ಅದಕ್ಕೆ ನೂರಕ್ಕೆ ಒಂದೋ ಎರಡೋ ಪಾಲು ಹೆಪ್ಪು ಹಾಕಬೇಕು. ಹೆಪ್ಪು ಜಾಸ್ತಿಯಾದರೆ ಡಬ್ಬಿಯಲ್ಲೇ ಕಾದು ಹೊಗೆಯಾಡುತ್ತದೆ. ಚಳಿಯಿದ್ದರೆ ಗಟ್ಟಿಯಾಗುವುದೇ ಇಲ್ಲ. ಈ ಊರಲ್ಲಿ ಹೆಪ್ಪಿನ ಕಷ್ಟ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಎಂಟು ತಿಂಗಳು ನಮ್ಮನೆ ಮೊಸರು ಓವನ್ನಿನಲ್ಲಿ ದೀಪ ಹಚ್ಚಿಟ್ಟುಕೊಂಡು ಮಲಗುತ್ತದೆ. ದೋಣಿಯನ್ನು ಓವನ್ನಿನಲ್ಲಿ ಇಡಲಾಗದು. ಹಾಗಾಗಿ ಬೇಸಿಗೆಯ 13 ಶನಿವಾರ ಮಾತ್ರ. 500ನ್ನು 13ರಿಂದ ಭಾಗಿಸಿದೆ: 38 ವರ್ಷ. ಆಗ ನನಗೆ 81.

ಅಜ್ಜನ ವಯಸ್ಸೆಷ್ಟು ಅಂತ ಆಮೇಲೆ ಕೇಳಿದ್ದು ತಪ್ಪಾಯಿತು. ಬರುವ ತಿಂಗಳಿಗೆ 82.

ಊರಿಗೆ ಫೋನ್ ಮಾಡಿದೆ. ಅಪ್ಪನ ಬಳಿ ಇಂಥದಕ್ಕೆ ಸಲಹೆ ಕೇಳುವುದು ಜಾಣತನವಲ್ಲ. ನಮ್ಮ ಮನೆಯ ತಾರಸಿ ಮೇಲೆ ಕಾಲಮ್ಮಿನ ಕಂಬಿಗಳು 1989ರಿಂದ ಆಕಾಶ ನೋಡುತ್ತ ನಿಂತಿವೆ, ಮೇಲೊಂದು ಅಂತಸ್ತು ಏಳಲಿದೆ ಅಂತ. ಅಮ್ಮ ಅವುಗಳ ಮಧ್ಯೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾಳೆ, ತುದಿಗೆ ಹಳೇ ಬಿಸ್ಲೆರಿ ಬಾಟಲಿ ಕವುಚಿದ್ದಾಳೆ. ಅಪ್ಪ ಎಲ್ಲ ಕೇಳಿಸಿಕೊಂಡು, "ತಳ ಗಟ್ಟಿ ಇದ್ಯೇನೋ? ಇದ್ರೆ ಬಿಡಬ್ಯಾಡ. ತಳಾನೇ ಕಷ್ಟ, ಮೇಲಿಂದು ಹ್ಯಂಗೋ ಆಗ್ತದೆ" ಅಂದರು. ಅಮ್ಮ ಹಿಂದಿನಿಂದ ಏನೋ ಅಂದಳು, ಅಪ್ಪ ಫೋನಿನ ಬಾಯಿ ಮುಚ್ಚಿದರು.

ಕೊನೆಗೆ ಹೆಂಡತಿಯನ್ನು ಕರೆದೊಯ್ದೆ. ಅವಳು ಕುಂದಾಪುರದವಳು, ದೋಣಿ ನೋಡಿ ಬೆಳೆದವಳು. ಸುತ್ತ ಒಂದು ಸುತ್ತು ಬಂದು, ತೆಂಗಿನಕಾಯಿ ಆರಿಸುವವಳ ಹಾಗೆ ಬೆರಳಗಂಟಿನಿಂದ ಎರಡು ಕಡೆ ಕುಟ್ಟಿದಳು. "ಇದು ದೋಣಿ ಅಲ್ಲ ಮಾರಾಯ್ರೆ, ದೋಣಿಯ ಸಿಪ್ಪೆ" ಅಂದಳು. ಆಮೇಲೆ, "ನಿಮಗೆ ಈಜು ಬರ್ತದಾ?" ಅಂದಳು. ಮದುವೆಯಾಗಿ ಹದಿನಾಲ್ಕು ವರ್ಷ, ಉತ್ತರ ಅವಳಿಗೇ ಗೊತ್ತು. ನಾನು ಟೇಪು ಹಿಡಿದು ಅಗಲ ಅಳೆಯುವವನಂತೆ ನಟಿಸಿದೆ. 11 ಅಡಿ.

ಅಷ್ಟರಲ್ಲಿ ಅವಳು ಏಣಿ ಹತ್ತಿ, ಕಾರಿನಲ್ಲಿದ್ದ ಸ್ಟೀಲ್ ಡಬ್ಬಿಯ ತುಂಬ ಬ್ಲ್ಯಾಕ್‌ಬೆರಿ ಬಿಡಿಸಿದಳು. ಸುಮಾರು ಅರ್ಧ ಶತಮಾನದಲ್ಲಿ ಆ ದೋಣಿಯಿಂದ ಯಾರಿಗಾದರೂ ಹುಟ್ಟಿದ ಉತ್ಪತ್ತಿ ಅದೊಂದೇ ಇರಬೇಕು. ಗೊಜ್ಜಿಗಾಗುತ್ತದಂತೆ.

ಬೇಡ ಅಂತ ಹೇಳಲೇ ಹೋದವನು ನಾನು. ಅಜ್ಜನ ಮುಖ ನೋಡಿದ ಮೇಲೆ ಬಾಯಿಂದ ಬಂದದ್ದು, "ಯೋಚನೆ ಮಾಡಿ ಹೇಳ್ತೀನಿ."

"ಅವಸರವಿಲ್ಲ" ಅಂದರು ಅವರು, ಏಣಿಯನ್ನು ಮತ್ತೆ ದೋಣಿಗೇ ಒರಗಿಸುತ್ತ. "1994ರಲ್ಲಿ ಒಬ್ಬ ಬಂದಿದ್ದ. ಅವನೂ ಇನ್ನೂ ಯೋಚಿಸ್ತಿದ್ದಾನೆ."