ಎ ಬಿ ಸಿ ಕಲಿತವರು

(ಕಲ್ಲುಗುಂಡಿ ಪೇಟೆ. ಮಾಣಿ–ಮೈಸೂರು ಹೆದ್ದಾರಿ ಬದಿಯ ಹೋಟೆಲು. ಸುಳ್ಯ ಬಸ್ಸಿಗೆ ಕಾಯುವ ಹಾಸ್ಟೆಲ್ ವಿದ್ಯಾರ್ಥಿ; ಗೋಳಿಬಜೆ ಬಿಡುತ್ತಿರುವ ಅಜ್ಜ.)

ಅಜ್ಜ: ಹಾಸ್ಟೆಲಿನಲ್ಲಿ ಬೆಂಕಿ ನಂದಿಸುವ ಸಾಮಾನು ಉಂಟಾ?

ವಿದ್ಯಾರ್ಥಿ: ಕೆಂಪು ಸಿಲಿಂಡರಾ? ಭಾರೀ ಉಪಯೋಗ ಅಜ್ಜ! ಟವೆಲು ಅದರ ಮೇಲೆಯೇ ಒಣಗುವುದು.

ಅಜ್ಜ: ಅದರಲ್ಲಿ ಎಂತದೋ ಬರೆದಿರ್ತದಲ್ಲ?

ವಿದ್ಯಾರ್ಥಿ: ಎ ಬಿ ಸಿ. ಎಲ್‌ಕೆಜಿಯಲ್ಲೇ ಪಾಸಾಗಿದ್ದೇವೆ.

ಅಜ್ಜ: ಕಟ್ಟಿಗೆ, ಪೆಟ್ರೋಲು, ಗ್ಯಾಸು – ಮೂರರ ಬೆಂಕಿಗೂ ಆಗ್ತದೆ ಅಂತ ಅರ್ಥ ಮಾರಾಯ. ತುರ್ತು ಬಾಗಿಲು?

ವಿದ್ಯಾರ್ಥಿ: ಉಂಟು. ಬೀಗವೂ ಉಂಟು. ಕೀಲಿಕೈ ವಾರ್ಡನ್ನರ ಹತ್ತಿರ, ವಾರ್ಡನ್ ರಜೆಯಲ್ಲಿ.

ಅಜ್ಜ: 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಹೋದರು. ಅಲ್ಲಿಯೂ ತುರ್ತು ಬಾಗಿಲಿಗೆ ಬೀಗ. 2019ರಲ್ಲಿ ಸೂರತ್ತಿನ ಕೋಚಿಂಗ್ ಸೆಂಟರಿನಲ್ಲಿ 22 ಮಕ್ಕಳು. ನನ್ನ ರಬ್ಬರಿನ ಹೊಗೆಗೂಡಿಗೂ ಎರಡು ಬಾಗಿಲು ಇಟ್ಟಿದ್ದೇನೆ, ಶೀಟಿಗೆ ಕಾಲೇ ಇಲ್ಲ!

ವಿದ್ಯಾರ್ಥಿ: ನಮ್ಮಲ್ಲಿ ಅಣಕು ಕಾರ್ಯಾಚರಣೆ ಆಗಿದೆ. ಗಂಟೆ ಹೊಡೆದದ್ದೇ ಎಲ್ಲರೂ ಓಡಿದೆವು.

ಅಜ್ಜ: ಹೊರಗೆ?

ವಿದ್ಯಾರ್ಥಿ: ಕ್ಯಾಂಟೀನಿಗೆ. ಊಟದ ಗಂಟೆ ಅಂದುಕೊಂಡು.

ಅಜ್ಜ: 101 ಅಂದರೆ ಎಂತ?

ವಿದ್ಯಾರ್ಥಿ: ಕಾಣಿಕೆ ಡಬ್ಬಿಗೆ ಹಾಕುವುದಲ್ವಾ?

(ಬಾಣಲೆಯ ಎಣ್ಣೆಗೆ ಭಗ್ಗನೆ ಬೆಂಕಿ. ವಿದ್ಯಾರ್ಥಿ ನೀರಿನ ಚೆಂಬು ಎತ್ತುತ್ತಾನೆ.)

ಅಜ್ಜ: ಇಡು ಕೆಳಗೆ! ನೀರು ಬಿದ್ದರೆ ಮಾಡಿಗೆ ಹತ್ತೀತು!

(ಅಜ್ಜ ಒಲೆ ಆರಿಸಿ, ಬಾಣಲೆಗೆ ಮುಚ್ಚಳ ಸರಿಸುತ್ತಾನೆ. ಬೆಂಕಿ ಉಸಿರು ಕಟ್ಟಿ ಸಾಯುತ್ತದೆ.)

ವಿದ್ಯಾರ್ಥಿ: ಅಜ್ಜ, ಇನ್ನೊಮ್ಮೆ ಹೊತ್ತಿಸಿ. ವಿಡಿಯೋ ಆನ್ ಆಗಿರಲಿಲ್ಲ.