ಅಡುಗೆ ಮಹಡಿಯಲ್ಲಿ, ಬಡಿಸೋದು ಕೆಳಗೆ

ನಮ್ಮ ಮನೆಯ ಹಾಲಿನ ಲೆಕ್ಕ ಮಹಡಿಯ ಕಂಪ್ಯೂಟರಿನಲ್ಲಿದೆ. ನಾನು ಕೆಳಗಿದ್ದೇನೆ. ನಡುವೆ 14 ಮೆಟ್ಟಿಲು ಮತ್ತು ನನ್ನ ಮೊಣಕಾಲು.

"ರೀ, ಸಂಜೆ ಹಾಲಿನವನು ಬರ್ತಾನೆ. ಮೇಲೆ ಹೋಗಿ ಲೆಕ್ಕ ಒಂದು ಹಾಳೇಲಿ ತೆಗೆದುಕೊಂಡು ಬನ್ನಿ."

"ಮೇಲೆ ಯಾಕೆ ಹೋಗ್ಬೇಕು? ಅಲ್ಲಿನ ಪ್ರೋಗ್ರಾಮು ಇಲ್ಲೇ, ಈ ಲ್ಯಾಪ್‌ಟಾಪ್ ಮೇಲೇ ಕಾಣೋ ಹಾಗೆ ಮಾಡ್ತೀನಿ ನೋಡು" ಎಂದೆ. ಆಗ ಬೆಳಿಗ್ಗೆ ಒಂಬತ್ತು ಗಂಟೆ.

ಪೂರ್ತಿ ಬಡಾಯಿಯೇನಲ್ಲ. ಒಂದು ಯಂತ್ರದಲ್ಲಿ ಓಡುವ ಪ್ರೋಗ್ರಾಮಿನ ಕಿಟಕಿ ಇನ್ನೊಂದರ ಪರದೆಯಲ್ಲಿ ತೆರೆಯುವ ಎಕ್ಸ್ ವಿಂಡೋ ಸಿಸ್ಟಮ್ 1984ರಲ್ಲೇ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದೆ. ಹಡೆದವರು ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್. ಅದಕ್ಕೂ ಮುಂಚೆ 'ಡಬ್ಲ್ಯೂ' ಅಂತ ಒಂದಿತ್ತಂತೆ. ಮುಂದಿನ ಅಕ್ಷರ ಅಂತ ಇದಕ್ಕೆ 'ಎಕ್ಸ್'. ನಕ್ಷತ್ರ, ಪಾದ ಯಾವುದನ್ನೂ ನೋಡಿಲ್ಲ.

ನನ್ನ ತಲೆ ಕೆಟ್ಟಿದ್ದು ಬೇರೆ ಕಡೆ. ಸರ್ವರ್ ದೂರದಲ್ಲಿರುತ್ತೆ ಎಂದುಕೊಂಡಿದ್ದೆ. ಪುಸ್ತಕ ತೆಗೆದು ನೋಡಿದರೆ, ಇದರಲ್ಲಿ ಸರ್ವರ್ ಎಂದರೆ ನನ್ನೆದುರಿಗಿರುವ ಲ್ಯಾಪ್‌ಟಾಪಿನದ್ದು. ಮಹಡಿಯಲ್ಲಿ ದುಡಿಯುವ ಪ್ರೋಗ್ರಾಮು ಕ್ಲಯಂಟ್. "ಪುಸ್ತಕದಲ್ಲೇ ತಪ್ಪಿದೆ" ಎಂದು ಗೊಣಗಿದೆ.

ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ಕೇಳಿದಳು: "ಅಡುಗೆ ಎಲ್ಲಾಗುತ್ತೆ?"

"ಮೇಲೆ."

"ಬಡಿಸೋದು?"

"ಇಲ್ಲಿ."

"ಮತ್ತೆ? ಹೋಟೆಲ್‌ನಲ್ಲಿ ಸರ್ವರ್ ಟೇಬಲ್ ಹತ್ರ ಇರ್ತಾನೋ, ಒಲೆ ಹತ್ರ ಇರ್ತಾನೋ?"

ಎರಡು ಗಂಟೆ ಓದಿದ್ದು ಹುರುಳಿಕಾಯಿ ಬುಟ್ಟಿಯೊಳಗೆ ಹೋಯಿತು.

ಆಮೇಲೆ ಮಹಡಿಯ ಯಂತ್ರಕ್ಕೆ ಇಲ್ಲಿಂದಲೇ ಕೈಹಾಕುವ ಎಸ್‌ಎಸ್‌ಎಚ್ ಆಜ್ಞೆಗೆ ಮೈನಸ್ ಎಕ್ಸ್ ಸೇರಿಸಿ ಒತ್ತಿದೆ. 'ಡಿಸ್‌ಪ್ಲೇ ತೆರೆಯಲಾಗದು' ಎಂಬ ಉತ್ತರ. ಹದಿನೈದು ಸಲ ಒತ್ತಿದರೂ ಅದೇ ಉತ್ತರ. ಊಟವಾದ ಮೇಲೆ ಗೊತ್ತಾಯಿತು: ದೊಡ್ಡ ಎಕ್ಸ್ ಹಾಕಿದರೆ 'ಕಿಟಕಿ ಕಳಿಸು' ಎಂದರ್ಥ, ಚಿಕ್ಕ ಎಕ್ಸ್ ಹಾಕಿದರೆ 'ಕಳಿಸಲೇಬೇಡ' ಎಂದು. ಅರ್ಧ ಭಾನುವಾರ ನಾನೇ ಬೇಡ ಬೇಡ ಎನ್ನುತ್ತ ಕೂತಿದ್ದೆ. ಯಂತ್ರ ಪಾಪ, ಹೇಳಿದ ಮಾತು ಕೇಳಿತ್ತು.

ದೊಡ್ಡ ಎಕ್ಸ್ ಹಾಕಿ, ಪರೀಕ್ಷೆಗೆ ಎಕ್ಸ್‌ಐಸ್ ಎಂಬ ಪುಟ್ಟ ಪ್ರೋಗ್ರಾಮು ಓಡಿಸಿದೆ. ಪರದೆಯ ಮೇಲೆ ಎರಡು ದೊಡ್ಡ ಕಣ್ಣು! ಮೌಸ್ ಎತ್ತ ಹೋದರೆ ಅತ್ತ ನೋಡುತ್ತವೆ. ಅವುಗಳಿಗೆ ಬೇರೆ ಕೆಲಸವಿಲ್ಲ. ಕೂಗಿ ಕರೆದು ತೋರಿಸಿದೆ.

"ಕಣ್ಣು ಇಲ್ಲಿ, ಬುದ್ಧಿ ಮಹಡಿ ಮೇಲೆ" ಎಂದಳು. ಕಂಪ್ಯೂಟರಿಗೇ ಹೇಳಿದ್ದಿರಬೇಕು.

ಐದು ಗಂಟೆಗೆ ಹಾಲಿನ ಲೆಕ್ಕವೂ ತೆರೆಯಿತು. ಸ್ಕ್ರೋಲ್ ಮಾಡಿದರೆ ಬಸವನಹುಳು ಹೊರಟ ಹಾಗಿತ್ತು, ಆದರೂ ತೆರೆಯಿತು. ಕಾಲು ಚಾಚಿ, ಗತ್ತಿನಿಂದ ಪ್ರಿಂಟ್ ಒತ್ತಿದೆ.

ಪ್ರೋಗ್ರಾಮು ಓಡುತ್ತಿದ್ದದ್ದು ಮೇಲೆ. ಅದಕ್ಕೆ ಗೊತ್ತಿದ್ದ ಪ್ರಿಂಟರೂ ಮೇಲಿನದೇ. ಮಹಡಿಯಿಂದ ಕರ್ರೋ ಎಂದು ಹಾಳೆ ಹೊರಬರುವ ಸದ್ದು ಕೇಳಿಸಿತು.

ಅವಳು ಏನೂ ಹೇಳಲಿಲ್ಲ. ಎದ್ದು ಹೋಗಿ ಮೆಟ್ಟಿಲಿನ ಲೈಟು ಹಾಕಿದಳು.